ಮೊದಲು ಮೂಟೆಯ ಬಾಯಿ ಬಿಚ್ಚಿ

ದೊಡ್ಡಬಳ್ಳಾಪುರ, ಹೊಸಕೋಟೆ ಸೀಮೆಯ ಯಾವ ಹಳ್ಳಿಯ ಡೈರಿಗಾದರೂ ಬೆಳಗ್ಗೆ ಹೋಗಿ ನೋಡಿ. ಹಾಲು ಹಾಕಲು ಬಂದ ಹೆಣ್ಣುಮಗಳ ಕ್ಯಾನಿನಿಂದ ಒಂದಿಷ್ಟು ತೆಗೆದು ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ಎಂಬ ಜಿಡ್ಡಿಲ್ಲದ ಘನಾಂಶ ನೋಡುತ್ತಾರೆ. ಡಿಗ್ರಿ ಕಡಿಮೆ ಬಂತೋ, ‘ಏನಮ್ಮಾ, ನೀರು ಹಾಕಿದ್ದೀಯಾ?’ ಎಂದು ಹತ್ತು ಜನರ ಮುಂದೆ ಕೇಳುತ್ತಾರೆ. ಅವಳ ಹಸುವಿಗೆ ಹಿಂಡಿ ಮಾರಿದವನನ್ನು, ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ನುಚ್ಚು ಮಾಡಿ ಮೂಟೆಗೆ ತುಂಬಿದವನನ್ನು ಹೀಗೆ ನಿಲ್ಲಿಸಿ ಕೇಳುವವರು ಯಾರು?

ಸುಗ್ಗಿಯ ಹೊತ್ತಿಗೆ ಮಳೆ ಹಿಡಿದರೆ ಏನಾಗುತ್ತದೆಂದು ಈ ಸೀಮೆಯ ರೈತರಿಗೆ ಹೇಳಬೇಕಾಗಿಲ್ಲ. 2021ರ ನವೆಂಬರಿನಲ್ಲಿ ಹೊಲದಲ್ಲೇ ರಾಗಿ ಮೊಳಕೆ ಒಡೆದದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ತೇವ ಆರದ ಜೋಳ, ಕಡಲೆಕಾಯಿ, ಹತ್ತಿಬೀಜದ ಮೇಲೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅಂಥ ಕಾಳನ್ನು ಮನುಷ್ಯರು ಕೊಳ್ಳುವುದಿಲ್ಲ. ಆಗ ವ್ಯಾಪಾರದ ಬಾಯಲ್ಲಿ ಬರುವ ಮಾತು ಒಂದೇ: ‘ದನ ತಿನ್ನುತ್ತೆ, ಬಿಡಿ.’ ಈ ಒಂದು ಮಾತಿನ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ.

ದನ ತಿನ್ನುತ್ತದೆ, ನಿಜ. ಆಮೇಲೆ ಮೇವು ಬಿಡುತ್ತದೆ. ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದಿಲ್ಲ, ಕರು ಸೊರಗುತ್ತದೆ. ಮನೆಯವರು ದೃಷ್ಟಿ ತಾಕಿದೆ ಎನ್ನುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಒಂದರ ಮೇಲೊಂದು ಇಂಜೆಕ್ಷನ್ ಹಾಕಿಸುತ್ತಾರೆ. ಕೊಟ್ಟಿಗೆಯ ಮೂಲೆಯಲ್ಲಿರುವ ಮೂಟೆಯ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಕಣ್ಣು ಹೋದರೂ ಉಪಯೋಗ ಕಡಿಮೆ. ಪಶು ಆಹಾರದಲ್ಲಿ ಈ ವಿಷಕ್ಕೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಮಿತಿ ಕೆಜಿಗೆ 20 ಮೈಕ್ರೋಗ್ರಾಂ, ಎಂದರೆ ಒಂದು ಟನ್ನಿಗೆ 20 ಮಿಲಿಗ್ರಾಂ. ಅಷ್ಟನ್ನು ಯಾವ ರೈತ ಮೂಸಿ ನೋಡಿ ಹೇಳಬಲ್ಲ? ಬೂಷ್ಟು ಕೊಡವಿ ಬಿಸಿಲಿಗೆ ಹರಡಿದರೂ ಕಾಳಿನೊಳಗೆ ಇಳಿದ ವಿಷ ಅಲ್ಲೇ ಇರುತ್ತದೆ.

ಹಸುವಿನ ಹೊಟ್ಟೆ ಸೇರಿದ ಈ ವಿಷದ ಒಂದು ಪಾಲು ಎಂ1 ಎಂಬ ರೂಪ ತಾಳಿ ಒಂದೇ ದಿನದೊಳಗೆ ಹಾಲಿಗೆ ಇಳಿಯುತ್ತದೆ. ಕಾಯಿಸಿದರೆ ಹೋಗುವುದಿಲ್ಲ. ಪ್ಯಾಕೆಟ್ಟಿಗೆ ತುಂಬುವ ಮುಂಚೆ ಮಾಡುವ ಪಾಶ್ಚರೀಕರಣಕ್ಕೂ ಬಗ್ಗುವುದಿಲ್ಲ. ಬೆಂಗಳೂರಿನ ಮಕ್ಕಳ ಲೋಟಕ್ಕೆ ಬರುವುದು ಈ ಹಳ್ಳಿಗಳ ಹಾಲೇ.

ಗೊತ್ತಿರಲಿಲ್ಲ ಎಂದು ಕರ್ನಾಟಕದಲ್ಲಿ ಯಾರೂ ಹೇಳುವಂತಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾಯಿತು. 1966ರಲ್ಲಿ ನಮ್ಮದೇ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. ಅದಕ್ಕೂ ಕಾರಣ ಹಿಂಡಿಯೇ. ಇನ್ನೊಂದು ಸಂಗತಿ ಬರೆಯುವಾಗ ಕೈ ನಡುಗುತ್ತದೆ. ಪೌಷ್ಟಿಕತೆಯಿಲ್ಲದೆ ಊದಿಕೊಂಡಿದ್ದ ಬಡ ಮಕ್ಕಳಿಗೆ ಮೈಸೂರಿನಲ್ಲಿ ಕಡಲೆಕಾಯಿಯ ಪ್ರೋಟೀನ್ ಹಿಟ್ಟು ತಿನ್ನಿಸಿದರು, ಬದುಕಲಿ ಎಂದು. ಆ ಹಿಟ್ಟಿನಲ್ಲಿ ಅಫ್ಲಾಟಾಕ್ಸಿನ್ ಇತ್ತು. ಮಕ್ಕಳ ಪಿತ್ತಜನಕಾಂಗ ಗಟ್ಟಿಯಾಗಿ ಸಿರೋಸಿಸ್ ಆದದ್ದನ್ನು ಮೈಸೂರಿನ ವೈದ್ಯರು, ವಿಜ್ಞಾನಿಗಳು 1971ರಲ್ಲಿ ಪ್ರಕಟಿಸಿದರು. ಮೂರು ವರ್ಷ ಕಳೆದು, 1974ರಲ್ಲಿ, ರಾಜಸ್ಥಾನದ ಬಾನ್ಸ್‌ವಾಡಾ ಮತ್ತು ಗುಜರಾತಿನ ಪಂಚಮಹಲ್ ಕಡೆ ಮಳೆಗೆ ಕೆಟ್ಟ ಮೆಕ್ಕೆಜೋಳ ಉಂಡು 106 ಜನ ಸತ್ತರು. ಬೇರೆ ಕಾಳು ಕೊಳ್ಳಲು ಕಾಸಿಲ್ಲದ ಬಡವರು ಅವರು. ಅವರ ಮನೆಯ ನಾಯಿಗಳೂ ಸತ್ತವು.

ಇಷ್ಟೆಲ್ಲ ಕಂಡ ದೇಶ 2006ರಲ್ಲಿ ಆಹಾರ ಸುರಕ್ಷತಾ ಕಾಯ್ದೆ ಮಾಡಿತು. ಅದರಲ್ಲಿ ‘ಆಹಾರ’ ಎಂದರೇನು ಎಂದು ಬರೆಯುವಾಗ ಪಶು ಆಹಾರವನ್ನು ಹೊರಗಿಟ್ಟರು. 2019ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ 6,432 ಹಾಲಿನ ಮಾದರಿಗಳ ಸಮೀಕ್ಷೆಯನ್ನು ಹೊರತಂದಾಗ 368ರಲ್ಲಿ ಎಂ1 ಮಿತಿ ಮೀರಿತ್ತು. ವಿಷ ಬಂದದ್ದು ಮೇವಿನಿಂದ, ಆ ಮೇವಿಗೆ ದೇಶದಲ್ಲಿ ನಿಯಂತ್ರಣವಿಲ್ಲ ಎಂದು ಪ್ರಾಧಿಕಾರವೇ ಹೇಳಿತು. ತಪ್ಪು ಎಲ್ಲಿದೆ ಎಂದು ಬಲ್ಲವರು ಅದನ್ನು ಹಾಗೇ ಬಿಡುವುದನ್ನು ಅಜಾಗರೂಕತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇದು ಅಪರಾಧ.

ಪರೀಕ್ಷೆ ಮಾಡುವವರು ದೂರದಲ್ಲಿಲ್ಲ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಿದೆ. ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಕಟ್ಟಲು ಹಣ ಸಿಕ್ಕಿತು, ನೆಲಮಂಗಲದ ಸುತ್ತ ಗೋದಾಮುಗಳ ಸಾಲೇ ಎದ್ದಿತು. ರೈತ ತನ್ನ ಜೋಳ ಒಣಗಿಸಿಕೊಳ್ಳಲು ಮಾತ್ರ ಇವತ್ತಿಗೂ ಟಾರು ರಸ್ತೆಯ ಅಂಚೇ ಗತಿ. ಹೋಬಳಿಗೊಂದು ಒಣಗಿಸುವ ಯಂತ್ರ ಕೊಡಿ. ಹಿಂಡಿ, ಬೂಸಾ, ಜೋಳದ ಪ್ರತಿ ಲಾರಿಯ ಮಾದರಿ ತೆಗೆದು ಪರೀಕ್ಷಿಸಿ, ಮಿತಿ ಮೀರಿದ ಸರಕನ್ನು ಮಾರಿದವನ ಎದುರಿಗೇ ನಾಶ ಮಾಡಿ. ಸತ್ತ ಹಸುವಿನ ಬೆಲೆಯನ್ನು ಅವನಿಂದಲೇ ವಸೂಲು ಮಾಡಿ. ಡೈರಿಯ ಗೋಡೆಯ ಮೇಲೆ ಹಾಲಿನ ದರ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಆ ವಾರ ಬಂದ ಪಶು ಆಹಾರದ ಪರೀಕ್ಷೆಯ ಫಲಿತಾಂಶವನ್ನೂ ಬರೆಯಿರಿ, ಮಾರಿದವನ ಹೆಸರಿನ ಸಮೇತ.