ಕಲ್ಲಿನೊಳಗೆ ಕೂತು ಬಂದ ಏಡಿ

ನಮ್ಮೂರು ಚಿಮ್ಮಡ. ಕಡಲು ನೋಡಬೇಕಂದ್ರೆ ಘಟ್ಟ ಇಳಿದು ಕಾರವಾರಕ್ಕೋ ಗೋವಾಕ್ಕೋ ಹೋಗಬೇಕು. ಅಂಥ ಊರಿನ ನಮ್ಮ ಪಡಸಾಲೆಯ ಮೂಲೆಯಲ್ಲಿ ಎಂಟು ತಿಂಗಳಿಂದ ಒಂದು ಸಮುದ್ರದ ಏಡಿ ಇದೆ. ನಾನು ಕರೆದು ತಂದದ್ದಲ್ಲ.

ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಾಗ ಬೆಂಗಳೂರಿನ ಗೆಳೆಯನೊಬ್ಬ ಮನೆ ಬದಲಿಸುತ್ತಾ ತನ್ನ ಉಪ್ಪುನೀರಿನ ಅಕ್ವೇರಿಯಂ ನನಗೆ ದಾಟಿಸಿದ. ಎರಡು ಕ್ಲೌನ್ ಮೀನು, ನಾಲ್ಕು ಬಸವನಹುಳು, ಒಂದಿಷ್ಟು ಕಲ್ಲು. ತಿಂಗಳೊಳಗೆ ಬಸವನಹುಳುಗಳ ಖಾಲಿ ಚಿಪ್ಪು ಸಿಗತೊಡಗಿದವು. ರಾತ್ರಿ ಟಕ್ ಟಕ್ ಸದ್ದು. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ನೋಡಿದೆ (ಕೆಂಪು ಬೆಳಕಿಗೆ ಏಡಿಗಳು ಅಷ್ಟಾಗಿ ಬೆದರುವುದಿಲ್ಲ). ಕಲ್ಲಿನ ಬಿಲದಲ್ಲಿ ಮೈತುಂಬ ಕೂದಲು, ಕಪ್ಪು ತುದಿಯ ಕೊಂಡಿಗಳ ಏಡಿ ಕೂತಿತ್ತು! ಕಲ್ಲಿನ ಜೊತೆ ಟಿಕೆಟ್ ಇಲ್ಲದೆ ಬಂದ ಗಿರಾಕಿ.

ಗೆಳೆಯನಿಗೆ ಫೋನ್ ಮಾಡಿದರೆ, “ಬಿಸಿನೀರು ಹುಯ್ದುಬಿಡು” ಅಂದ. ಕೈ ಬರಲಿಲ್ಲ. ಕೃಷ್ಣೆಗೆ ಬಿಟ್ಟರೆ ಸಿಹಿನೀರಲ್ಲಿ ಸಾಯುತ್ತೆ. ಕಾರವಾರದ ಕಡಲಿಗೆ ಬಿಡೋಣವೆಂದರೆ ಇದು ಯಾವ ಕಡಲಿನದ್ದೋ, ಮೀನಿನ ತೊಟ್ಟಿಯ ರೋಗವನ್ನೂ ಹೊತ್ತೊಯ್ದೀತು. ಉಳಿದದ್ದು ಒಂದೇ ದಾರಿ, ಅದಕ್ಕೊಂದು ಬೇರೆ ಮನೆ.

ಹಿಡಿಯುವುದು ಸುಲಭ. ಗಾಜಿನ ಲೋಟವನ್ನ ಕಲ್ಲಿಗೆ ಒರಗಿಸಿ ಓರೆಯಾಗಿ ಇಟ್ಟು, ತಳದಲ್ಲಿ ಮೀನಿನ ತಿಂಡಿ ಹಾಕಿ ಮಲಗಿ. ಒಳಗಿಳಿದ ಏಡಿಗೆ ನುಣುಪು ಗಾಜು ಹತ್ತಲು ಬರುವುದಿಲ್ಲ. ನನಗೆ ಮೂರನೇ ರಾತ್ರಿ ಸಿಕ್ಕಿತು.

ಮನೆಗೆ ಒಂದೂವರೆ ಅಡಿಯ ಗಾಜಿನ ತೊಟ್ಟಿ, 20 ಲೀಟರ್ ನೀರು, ಏರ್ ಪಂಪಿಗೆ ಸಿಕ್ಕಿಸಿದ ಸ್ಪಂಜ್ ಫಿಲ್ಟರ್ ಸಾಕಾಯಿತು. ನಮ್ಮ ಬೋರಿನ ನೀರು ನಡೆಯದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದೆ. ಅಡುಗೆ ಉಪ್ಪೂ ನಡೆಯದು. ಸಮುದ್ರದ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ, ಅದಕ್ಕೆಂದೇ ಅಕ್ವೇರಿಯಂ ಉಪ್ಪು ಸಿಗುತ್ತೆ. ಲೀಟರಿಗೆ ಸುಮಾರು 35 ಗ್ರಾಂ, ಅಂದರೆ 20 ಲೀಟರಿಗೆ 700 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ರಾತ್ರಿಯಿಡೀ ಗಾಳಿ ಬಿಟ್ಟು, ಮಾಪಕದಲ್ಲಿ ಸಾಂದ್ರತೆ 1.025ರ ಹತ್ತಿರ ಬಂದಮೇಲೆ ತೊಟ್ಟಿಗೆ ಹಾಕಬೇಕು.

ಬಕೆಟ್ ನೋಡಿ ಅವ್ವ ಸೊಂಟದ ಮೇಲೆ ಕೈ ಇಟ್ಟಳು. “ಏ ತಮ್ಮಾ, ಹೊಲಾ ಎಲ್ಲಾ ಸವಳ ಹಿಡದ ಕುಂತಾವು, ನೀ ರೊಕ್ಕಾ ಕೊಟ್ಟ ಉಪ್ಪ ತಂದು ನೀರಾಗ ಕಲಸ್ತೀಯಲ್ಲ?”

ಅವಳ ಸಿಟ್ಟು ಸುಳ್ಳಲ್ಲ. ನಮ್ಮ ಎರಡೆಕರೆ ಕರಿ ಭೂಮಿ ಸವಳಾಗಿ ಕಬ್ಬು ಏಳುವುದೇ ಇಲ್ಲ. ಜಮಖಂಡಿ, ಮುಧೋಳದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಳೇ ತೊಟ್ಟಿಯ ಒಂದು ಸಣ್ಣ ಕಲ್ಲನ್ನೂ ಇದರಲ್ಲಿಟ್ಟೆ. ಏಡಿಯ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನ ಅರಗಿಸುವ ಬ್ಯಾಕ್ಟೀರಿಯಾ ಆ ಕಲ್ಲಲ್ಲೇ ಇರುತ್ತವೆ, ಬರೀ ಹೊಸ ನೀರಲ್ಲಿ ಇರುವುದಿಲ್ಲ. (ನೀವು ಹೊಸದಾಗಿ ಶುರು ಮಾಡುವವರಾದರೆ ಒಣ ಕಲ್ಲನ್ನೇ ಕೊಳ್ಳಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ದಿಬ್ಬದಿಂದ ಒಡೆದು ತಂದ ಕಲ್ಲಿಗೆ ಕೈ ಹಾಕಬೇಡಿ. ಒಣ ಕಲ್ಲಲ್ಲಿ ಇಂಥ ಗಿರಾಕಿಗಳೂ ಇರುವುದಿಲ್ಲ.) ಮೇಲೆ ಭಾರದ ಮುಚ್ಚಳ ಬೇಕೇ ಬೇಕು. ಗಾಳಿ ಪೈಪ್ ಹಿಡಿದು ಹತ್ತಿ ಬರುವುದರಲ್ಲಿ ಏಡಿ ಜಾಣ. ಕರೆಂಟು ಹೋದಾಗಿಗೆ ಬ್ಯಾಟರಿ ಪಂಪ್ ಒಂದಿರಲಿ.

ತೊಂದರೆ ಬಂದದ್ದು ಬೇಸಿಗೆಯಲ್ಲಿ. ನೀರು 28 ಡಿಗ್ರಿ ದಾಟಬಾರದೆಂದು ಮುಚ್ಚಳ ತೆಗೆದು ಜಾಳಿಗೆ ಬಿಗಿದು, ಮೇಲೆ ಸಣ್ಣ ಫ್ಯಾನ್ ಹಚ್ಚಿದೆ. ತಂಪೇನೋ ಆಯಿತು, ನೀರು ಮಾತ್ರ ಬೆರಳಿನಷ್ಟು ಇಳಿದಿತ್ತು. ಉಪ್ಪುನೀರನ್ನೇ ಮತ್ತೆ ತುಂಬಿಸಿದೆ. ವಾರದಲ್ಲಿ ಏಡಿ ಮಂಕಾಗಿ ತಿಂಡಿ ಮುಟ್ಟದಾಯಿತು. ಅಳೆದರೆ ಸಾಂದ್ರತೆ 1.031!

ಅಪ್ಪ ಹಿಂದೆ ನಿಂತು ನೋಡುತ್ತಿದ್ದ. ಅಲ್ಲಿಯವರೆಗೂ ಏಡಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

“ಹೊಲದಾಗ ಆಗಿದ್ದೂ ಇದ ನೋಡು. ನೀರ ಹಾರಿ ಹೋತು, ಉಪ್ಪ ಉಳೀತು. ನಾವೂ ಮತ್ತ ಮತ್ತ ನೀರ ಬಿಟ್ವಿ.”

ಅವನು ಹೇಳಿದ್ದು ಸರಿ. ಆರಿದ್ದು ಬರೀ ನೀರು, ಹಾಗಾಗಿ ತುಂಬಿಸಬೇಕಾದದ್ದೂ ಸಿಹಿನೀರು. ಏಡಿಗೆ ಆಘಾತವಾಗದಂತೆ ದಿನಕ್ಕಿಷ್ಟು ಹಾಕಿ ನಾಲ್ಕು ದಿನದಲ್ಲಿ ಕೆಳಗಿಳಿಸಿದೆ. ಈಗ ಗಾಜಿನ ಮೇಲೆ ಗೆರೆ ಎಳೆದಿದ್ದೇನೆ, ಬೆಳಿಗ್ಗೆ ಗೆರೆಯವರೆಗೆ ನೀರು ತುಂಬುವವನು ಅಪ್ಪ. ಹತ್ತು ದಿನಕ್ಕೊಮ್ಮೆ ಮೂರು ಲೀಟರ್ ಬದಲಿಸುತ್ತೇನೆ, ಆಗ ಮಾತ್ರ ಹಾಕುವುದು ಉಪ್ಪುನೀರು. ತೆಗೆದ ನೀರನ್ನ ಗಿಡಗಳಿಗೆ ಸುರಿಯದಂತೆ ಕಾಯುವವನೂ ಅವನೇ.

ಕಳೆದ ತಿಂಗಳು ನಾನು ಮೀಟಿಂಗಿನಲ್ಲಿದ್ದಾಗ ಅವ್ವ ಬಾಗಿಲಲ್ಲಿ ನಿಂತಳು. “ನಿನ್ನ ಏಡಿ ಸತ್ತೈತಿ ನೋಡೋ.” ಮುಖ ಸಣ್ಣದಾಗಿತ್ತು. ಹೋಗಿ ನೋಡಿದರೆ ಮರಳಿನ ಮೇಲೆ ಕಾಲು, ಕೊಂಡಿ ಎಲ್ಲ ಇದ್ದ ಹಾಗೇ ಬಿದ್ದಿದೆ, ಒಳಗೆ ಏನೂ ಇಲ್ಲ. ಕಲ್ಲಿನ ಹಿಂದೆ ಟಾರ್ಚ್ ಬಿಟ್ಟೆ. ಮೊದಲಿಗಿಂತ ದೊಡ್ಡದಾಗಿ, ಮೆತ್ತಗೆ, ತೆಳು ಬಣ್ಣದಲ್ಲಿ ಕೂತಿತ್ತು.

“ಹಂಗಾರ ಇದು ಯಾರು?” ಅಂದಳು ಅವ್ವ.

ಹಾವು ಪೊರೆ ಬಿಟ್ಟಂಗೆ ಅಂತ ಹೇಳಿದೆ. ಕಳಚಿದ ಚಿಪ್ಪನ್ನ ತೆಗೆಯಬಾರದು, ಏಡಿ ಅದನ್ನೇ ತಿಂದು ಸುಣ್ಣದ ಅಂಶ ವಾಪಸ್ ಪಡೆಯುತ್ತೆ ಅಂತಲೂ ಹೇಳಿದೆ. ನಂಬಲಿಲ್ಲ, ಎರಡು ದಿನ ಕಾದು ಕೂತು ತಾನೇ ನೋಡಿದಳು. ಈಗ ವಾರಕ್ಕೆರಡು ಸಲ ತಿಂಡಿ ಹಾಕುವ ಕೆಲಸ ಅವಳದು. ಜಾಸ್ತಿ ಹಾಕಬೇಡ ಅಂತ ಕೂಗುವುದು ನನ್ನ ಕೆಲಸ.