ಎಚ್ಚರಿಕೆಯ ಗಂಟೆ ಮತ್ತು ಗಾಳಿಯ ಫ್ಯಾನು

ಕಣ ವೇಗವರ್ಧಕಗಳ ಅಪಾಯದ ಮಾತು ಬಂದಾಗಲೆಲ್ಲ ರಷ್ಯಾದ ವಿಜ್ಞಾನಿ ಅನಾತೋಲಿ ಬುಗೋರ್ಸ್ಕಿಯ ಪ್ರಸಂಗವನ್ನು ಉದಾಹರಿಸಲಾಗುತ್ತದೆ. 1978ರ ಜುಲೈ 13ರಂದು ಪ್ರೊತ್ವಿನೋದ ಯಂತ್ರದಲ್ಲಿ ಕೆಟ್ಟ ಉಪಕರಣವೊಂದನ್ನು ಬಾಗಿ ನೋಡುತ್ತಿದ್ದಾಗ ಪ್ರೋಟಾನ್ ಕಿರಣವು ಅವರ ತಲೆಯ ಹಿಂಭಾಗದಿಂದ ಹೊಕ್ಕು ಮೂಗಿನ ಬಳಿ ಹೊರಬಿದ್ದಿತು. ಎಡಗಿವಿ ಕೇಳದಾಯಿತು, ಮುಖದ ಎಡಭಾಗ ಚಲನೆ ಕಳೆದುಕೊಂಡಿತು. ಆದರೂ ಅವರು ಬದುಕುಳಿದು ಸಂಶೋಧನೆ ಮುಂದುವರಿಸಿದರು. ಕೌತುಕದ ಕಥೆಯೇನೋ ಹೌದು. ಆದರೆ ಯಂತ್ರದೊಳಗೆ ತಲೆಯಿಡುವ ಪ್ರಮೇಯ ಎಷ್ಟು ಜನರಿಗೆ ಒದಗೀತು? ಯಂತ್ರದ ಪಕ್ಕದಲ್ಲಿ ದುಡಿಯುವವರಿಗೂ ಬೇಲಿಯಾಚೆಯ ಊರಿನವರಿಗೂ ಸಂಬಂಧಿಸಿದ ಘಟನೆ ನಡೆದದ್ದು 2013ರಲ್ಲಿ, ಜಪಾನಿನ ತೊಕಾಯ್ ಗ್ರಾಮದಲ್ಲಿ.

ವಿದ್ಯುತ್ ನಿಲ್ಲಿಸಿದರೆ ವೇಗವರ್ಧಕದ ಕಿರಣವೂ ನಿಲ್ಲುತ್ತದೆ. ಪರಮಾಣು ಸ್ಥಾವರಕ್ಕಿಂತ ಇದು ಸುರಕ್ಷಿತವೆಂದು ಹೇಳಲು ಇದೇ ಆಧಾರ, ಮತ್ತು ಅದು ಸುಳ್ಳಲ್ಲ. ಆದರೆ ಕಿರಣವು ಅಪ್ಪಳಿಸಿದ ಲೋಹವು ತಾನೇ ವಿಕಿರಣಶೀಲವಾಗುತ್ತದೆ. ಕಿರಣ ನಿಂತರೂ ಆ ಗುಣ ಕೂಡಲೇ ಹೋಗುವುದಿಲ್ಲ.

ತೊಕಾಯ್‌ನ ಜೆ-ಪಾರ್ಕ್ ಕೇಂದ್ರದಲ್ಲಿ ಪ್ರೋಟಾನುಗಳನ್ನು ಚಿನ್ನದ ತುಂಡಿನ ಮೇಲೆ ಸುಮಾರು ಎರಡು ಸೆಕೆಂಡುಗಳ ಅವಧಿಯಲ್ಲಿ ನಿಧಾನವಾಗಿ ಹರಿಸುವುದು ಪದ್ಧತಿ. ಮೇ 23ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮುನ್ನ ಉಪಕರಣದ ದೋಷದಿಂದ ಅವು ಸೆಕೆಂಡಿನ ಇನ್ನೂರರಲ್ಲೊಂದು ಭಾಗದಲ್ಲಿ ಒಮ್ಮೆಲೇ ಬಂದೆರಗಿದವು. ಚಿನ್ನ ಕರಗಿ, ಅದರೊಳಗಿದ್ದ ವಿಕಿರಣಶೀಲ ದ್ರವ್ಯ ಪ್ರಯೋಗಶಾಲೆಯ ಗಾಳಿಗೆ ಸೇರಿತು. ಎಚ್ಚರಿಕೆಯ ಗಂಟೆ ಮೊಳಗಿ ಯಂತ್ರ ತಾನಾಗಿ ನಿಂತಿತು. ಸಿಬ್ಬಂದಿ ಅದನ್ನು ಸರಿಪಡಿಸಿ ಮತ್ತೆ ಚಾಲೂ ಮಾಡಿದರು! ಮಧ್ಯಾಹ್ನದ ನಂತರ ಒಳಗಿನ ವಿಕಿರಣ ಮಟ್ಟ ಏರಿದ್ದು ತಿಳಿದಾಗ, ಅದನ್ನು ಇಳಿಸಲು ಗಾಳಿ ಹೊರಹಾಕುವ ಫ್ಯಾನುಗಳನ್ನು ತಿರುಗಿಸಿದರು. ಒಳಗಿನ ಮಟ್ಟ ಇಳಿಯಿತು, ನಿಜ. ಇಳಿದದ್ದು ಎಲ್ಲಿಗೆ ಹೋಯಿತೆಂದು ಆ ಹೊತ್ತಿನಲ್ಲಿ ಯಾರೂ ಕೇಳಿದಂತಿಲ್ಲ. ಮರುದಿನ ನೆರೆಯ ಸಂಸ್ಥೆಯ ಮಾಪಕಗಳಲ್ಲಿ ಏರಿಕೆ ಕಂಡಮೇಲೆಯೇ ಸೋರಿಕೆಯು ಹೊರಗೂ ವ್ಯಾಪಿಸಿದೆಯೆಂಬುದು ಕೇಂದ್ರಕ್ಕೆ ಅರಿವಾಯಿತು. ನಿಯಂತ್ರಣ ಪ್ರಾಧಿಕಾರಕ್ಕೆ ವರದಿ ಮುಟ್ಟುವಾಗ ರಾತ್ರಿಯಾಗಿತ್ತು.

ಅಂದು ಆ ಕಟ್ಟಡಕ್ಕೆ ಬಂದಿದ್ದ 102 ಮಂದಿಯಲ್ಲಿ 34 ಮಂದಿಯ ದೇಹಕ್ಕೆ ವಿಕಿರಣ ಸೇರಿತ್ತು; ಅತಿ ಹೆಚ್ಚೆಂದರೆ 1.7 ಮಿಲಿಸೀವರ್ಟ್. ಉತ್ಪ್ರೇಕ್ಷೆ ಸಲ್ಲದು: ಇದು ವಿಕಿರಣ ಕಾರ್ಮಿಕರಿಗೆ ನಿಗದಿಯಾದ ವಾರ್ಷಿಕ ಮಿತಿಗಿಂತ ಬಹಳ ಕಡಿಮೆ. ಬೇಲಿಯ ಬಳಿಯ ಪ್ರಮಾಣವಂತೂ ತೀರಾ ಅಲ್ಪ. ಆದರೆ ಈ ಅಂಕಿಗಳೆಲ್ಲ ಆಮೇಲೆ ತಿಳಿದವು. ಫ್ಯಾನಿನ ಗುಂಡಿ ಒತ್ತಿದವರಿಗೆ ಅವು ತಿಳಿದಿರಲಿಲ್ಲ. ಅಂದು ಸಂಜೆ ಕೆಲಸ ಮುಗಿಸಿ ಮನೆಗೆ ನಡೆದವರಿಗೆ ತಿಳಿಸಿದವರೂ ಇಲ್ಲ. ಇದೇ ತೊಕಾಯ್‌ನ ಯುರೇನಿಯಂ ಘಟಕವೊಂದರಲ್ಲಿ 1999ರ ಸೆಪ್ಟೆಂಬರ್ 30ರಂದು ನಡೆದ ಅವಘಡದಲ್ಲಿ ಇಬ್ಬರು ಕಾರ್ಮಿಕರು ಬಲಿಯಾಗಿದ್ದರು, ಸುತ್ತಲಿನ ಮನೆಗಳನ್ನು ತೆರವು ಮಾಡಿಸಲಾಗಿತ್ತು. ಅಂಥ ಊರಿಗೆ ಮರುದಿನದವರೆಗೆ ಸುದ್ದಿಯಿಲ್ಲವೆಂದರೆ ಅದನ್ನು ಕೇವಲ ಯಂತ್ರದೋಷವೆನ್ನಲಾಗದು.

ಆ ಪ್ರಯೋಗಶಾಲೆ ಪುನಃ ಕಾರ್ಯಾರಂಭಿಸಿದ್ದು 2015ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಚಿನ್ನದ ತುಂಡಿಗೆ ಗಾಳಿಯಾಡದ ಕವಚ ಬಂದಿತ್ತು, ಹೊರಹೋಗುವ ಗಾಳಿಯ ದಾರಿಗೆ ಸೋಸುವ ಜಾಲರಿ ಬಂದಿತ್ತು. ಎರಡೂ 2013ಕ್ಕೆ ಮೊದಲೇ ಸಾಧ್ಯವಿದ್ದ ಕೆಲಸಗಳು.