ಕಣ್ಣಿಲ್ಲದವರ ಗುರುಕುಲ

ಗಾಯಕರನ್ನು ಕೊಂಡಾಡುವುದರಲ್ಲಿ ನಮ್ಮ ಜನರು ಎಂದೂ ಜಿಪುಣರಲ್ಲ. ರಾಮನವಮಿಯ ಚಪ್ಪರದಲ್ಲಿ ಒಂದು ಒಳ್ಳೆಯ ತೋಡಿಯನ್ನು ಕೇಳಿ ಮನೆಗೆ ಬಂದವರು ಎಂಟು ದಿವಸ ಅದನ್ನೇ ಮಾತನಾಡುವರು. ಆದರೆ ಕಂಠವನ್ನು ಹೊಗಳಿದಷ್ಟು ಆ ಗಾಯಕನ ಕೈ ಯಾರಿಗೆ ಅನ್ನವಿಕ್ಕಿತೆಂಬುದನ್ನು ವಿಚಾರಿಸುವವರು ವಿರಳ. ಈ ತಿಂಗಳು ನಾವು ವಾಚಕ ಮಹಾಶಯರ ಮುಂದಿಡುವುದು ಗದಗಿನ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳ ಸಂಗತಿಯನ್ನು. ಕಾವೇರಿಯ ದಡದ ಈ ಬೆಳಗೊಳಕ್ಕೆ ಗದಗು ದೂರದ ಊರೇ ಸರಿ. ಆದರೆ ಸಂಗತಿ ಪ್ರತಿಯೊಂದು ಮನೆಗೂ ಹತ್ತಿರವಾದುದು.

ಹಿರಿಯರಾದ ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲು ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಮೊದಲ ಹೆಸರು ಗದಿಗೆಯ್ಯ. ಅವರಿಗೂ ಕಣ್ಣಿಲ್ಲ, ಅವರ ಅಣ್ಣನಿಗೂ ಕಣ್ಣಿಲ್ಲ. ಬಡವರ ಮನೆಯಲ್ಲಿ ಇಂತಹ ಇಬ್ಬರು ಮಕ್ಕಳು ಹುಟ್ಟಿದರೆ ಆ ಕಾಲದಲ್ಲಿ ಅವರ ಪಾಡು ಏನಾಗುತ್ತಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾನಗಲ್ಲಿನ ಕುಮಾರಸ್ವಾಮಿಗಳ ಕೃಪೆಯಿಂದ ಬಾಲಕನಿಗೆ ಸಂಗೀತಾಭ್ಯಾಸವು ದೊರೆಯಿತು. ಕರ್ಣಾಟಕ ಪದ್ಧತಿಯನ್ನು ಕಲಿತ ಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತು, ಉಭಯಗಾನ ವಿಶಾರದರೆಂಬ ಬಿರುದಿಗೆ ಪಾತ್ರರಾದರು.

ಇಷ್ಟಾದ ಮೇಲೆ ಯಾವುದಾದರೊಂದು ಸಂಸ್ಥಾನದ ಆಶ್ರಯವನ್ನು ಹಿಡಿದು ಸುಖವಾಗಿ ಬಾಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕಣ್ಣಿಲ್ಲದ ಹುಡುಗರನ್ನೂ ದಿಕ್ಕಿಲ್ಲದ ಹುಡುಗರನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ, ಹಾಡಿ ಗಳಿಸಿದುದನ್ನು ಆ ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು. ಈ ಸಂಚಾರಿ ಪಾಠಶಾಲೆಯೇ ಮುಂದೆ ಗದಗಿನಲ್ಲಿ ನೆಲೆನಿಂತಿತು. ಪದ್ಮಭೂಷಣ ಬಸವರಾಜ ರಾಜಗುರುಗಳು ಬಾಲಕರಾಗಿದ್ದಾಗ ಇವರ ಶಿಷ್ಯರಾದವರೇ.

ನಾವು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವರಾದುದರಿಂದ, ಇಲ್ಲಿ ನಮಗೆ ಬಹಳ ಹಿಡಿಸಿದ ಒಂದು ವಿಷಯವಿದೆ. ಭಿಕ್ಷೆಯ ಪಾತ್ರೆಗೆ ಬದಲಾಗಿ ಏಕತಾರಿಯೊಂದನ್ನು ಕೈಗೆ ಕೊಟ್ಟು ಕಳುಹಿಸುವುದು ಕೂಡ ಲೋಕದ ದೃಷ್ಟಿಯಲ್ಲಿ ದಯೆಯೇ. ಗವಾಯಿಗಳು ಕೊಟ್ಟುದು ಅದಲ್ಲ, ಶಾಸ್ತ್ರಶುದ್ಧವಾದ ವಿದ್ಯೆ. ನಮ್ಮ ಪೂರ್ವಿಕರು ವೇದವನ್ನು ಶ್ರುತಿಯೆಂದರಷ್ಟೆ. ಅದು ಕಿವಿಯಿಂದ ಕಿವಿಗೆ ಬಂದುದು. ಸಂಗೀತವೂ ಹಾಗೆಯೇ. ಸ್ವರವನ್ನು ಗುರುಮುಖದಿಂದ ಕೇಳಿ, ತಬಲೆಯ ಬೋಲುಗಳನ್ನು ನಾಲಿಗೆಯ ಮೇಲೆ ಉರುಹೊಡೆದು, ಅನಂತರ ಬೆರಳಿಗೆ ಇಳಿಸುವ ಈ ಪಾಠಕ್ರಮದಲ್ಲಿ ಕಣ್ಣುಳ್ಳವನಿಗೆ ಹೆಚ್ಚಿನ ಅನುಕೂಲವೇನೂ ಇಲ್ಲ. ಮಗುವಿನಲ್ಲಿ ಇಲ್ಲದುದನ್ನು ಎಣಿಸದೆ ಇರುವುದಕ್ಕೆ ತಕ್ಕ ವಿದ್ಯೆಯನ್ನು ಹುಡುಕಿದ ಈ ವಿವೇಕವು ಹಾಡುಗಾರಿಕೆಗಿಂತ ದೊಡ್ಡದೆಂದು ನಮ್ಮ ಎಣಿಕೆ.

1944ರಲ್ಲಿ ಅವರು ಲಿಂಗೈಕ್ಯರಾಗಲು, ಆಶ್ರಮದ ಭಾರವು ಶಿಷ್ಯರಾದ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಆಗ ಅವರಿಗೆ ಮೂವತ್ತು ವರ್ಷ. ಇವರೂ ಹಾನಗಲ್ಲು ಸೀಮೆಯವರೇ, 1914ರಲ್ಲಿ ದೇವಗಿರಿಯಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಹಾಡುವುದಲ್ಲದೆ ಹಾರ್ಮೋನಿಯಂ, ತಬಲೆ, ಪಿಟೀಲು ಮೊದಲಾದ ಅನೇಕ ವಾದ್ಯಗಳು ಅವರಿಗೆ ವಶವಾಗಿದ್ದುವು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿದರು. ಮಹಾಭಾರತದಲ್ಲಿ ಧೃತರಾಷ್ಟ್ರನನ್ನು ಪ್ರಜ್ಞಾಚಕ್ಷುವೆಂದು ಕರೆದಿದೆ. ಆ ಅರಸನ ಪ್ರಜ್ಞೆಯು ಎಷ್ಟು ಕಂಡಿತೆಂಬುದು ಬೇರೆ ಮಾತು. ಪುಟ್ಟರಾಜರಿಗಾದರೋ ಆ ಪದವು ಅನ್ವರ್ಥವಾಯಿತು.

ಆದರೆ ನೂರಾರು ಮಕ್ಕಳ ಹೊಟ್ಟೆ ರಾಗದಿಂದ ತುಂಬುವುದಿಲ್ಲ. ಅಕ್ಕಿ, ಜೋಳ, ಬೇಳೆ, ಸೌದೆ ಎಲ್ಲವೂ ಬೇಕು. ಇದಕ್ಕಾಗಿ ಅವರು ನಾಟಕ ಕಂಪನಿಯೊಂದನ್ನೇ ನಡೆಯಿಸಿದರು. ತಾವೇ ನಾಟಕಗಳನ್ನು ಬರೆದರು. ಮಠದವರು ನಾಟಕವಾಡಿಸುವುದೆಂದರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಈಗಲೂ ಉಂಟು! ಭಕ್ತರು ಊರೂರುಗಳಲ್ಲಿ ಅವರಿಗೆ ತುಲಾಭಾರ ಮಾಡಿಸುತ್ತಿದ್ದರು. ತಕ್ಕಡಿಯಲ್ಲಿ ಬಿದ್ದ ನಾಣ್ಯವು ಆಶ್ರಮದ ಮಕ್ಕಳಿಗೆ ಸಲ್ಲುತ್ತಿತ್ತು. 2010ರಲ್ಲಿ ಪದ್ಮಭೂಷಣವು ಬಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಅವರು ದೇಹವನ್ನು ಬಿಟ್ಟರು. 1968ರಲ್ಲಿ ಬಾಲಕನಾಗಿ ಅಲ್ಲಿ ಸೇರಿದ ಬಡ ಜಾನಪದ ಗಾಯಕರ ಮಗ, ದೃಷ್ಟಿಯುಳ್ಳವರೇ ಆದ ವೆಂಕಟೇಶ ಕುಮಾರರ ಹಾಡನ್ನು ಇಂದು ದೇಶವೆಲ್ಲ ಕೇಳುತ್ತಿದೆ. ಕಣ್ಣಿಲ್ಲದವರು ಕಟ್ಟಿದ ಮನೆಯಲ್ಲಿ ಕಣ್ಣುಳ್ಳ ಬಡವರಿಗೂ ಎಡೆಯಿತ್ತು.

ಈಚೆಗೆ ನಮ್ಮ ಕಡೆಯ ಗೃಹಸ್ಥರೊಬ್ಬರು ದೃಷ್ಟಿಯಿಲ್ಲದ ತಮ್ಮ ಮೊಮ್ಮಗಳ ವಿಷಯವಾಗಿ, “ಮೇಷ್ಟ್ರೇ, ಇವಳಿಗೆ ಸಂಗೀತ ಕಲಿಸಿಬಿಟ್ಟರೆ ಸಾಕಲ್ಲವೇ?” ಎಂದು ಕೇಳಿದರು. ಸಾಲದೆಂದೇ ಹೇಳಿದೆವು. ಕಣ್ಣಿಲ್ಲದವರೆಲ್ಲರಿಗೂ ಹುಟ್ಟಿನಿಂದಲೇ ಕಂಠವಿರುವುದೆಂಬುದು ಕಣ್ಣುಳ್ಳವರ ಭ್ರಮೆ. ಆ ಹುಡುಗಿಗೆ ಲೆಕ್ಕದಲ್ಲಿ ಆಸೆಯಂತೆ. ಹಾಗಾದರೆ ಲೆಕ್ಕವನ್ನೇ ಕಲಿಯಲಿ. ಚುಕ್ಕೆಗಳನ್ನು ಬೆರಳಿನಿಂದ ತಡವಿ ಓದುವ ಬ್ರೈಲ್ ಲಿಪಿಯಲ್ಲಿ ಗಣಿತಕ್ಕೂ ಸಂಕೇತಗಳುಂಟು. ಮೈಸೂರಿನಲ್ಲಿ ಇಂತಹ ಮಕ್ಕಳ ಪಾಠಶಾಲೆ 1901ರಷ್ಟು ಹಿಂದೆಯೇ ಹುಟ್ಟಿತು. 2016ರ ಶಾಸನದ ಮೇರೆಗೆ ನೂರಕ್ಕೆ 40 ಅಥವಾ ಅದಕ್ಕೂ ಮೇಲ್ಪಟ್ಟು ವೈಕಲ್ಯವಿರುವ ಮಕ್ಕಳು 6ರಿಂದ 18ನೆಯ ವಯಸ್ಸಿನವರೆಗೆ ಉಚಿತ ಶಿಕ್ಷಣಕ್ಕೆ ಹಕ್ಕುಳ್ಳವರು. ಇದನ್ನು ದಾನವೆಂದು ತಲೆತಗ್ಗಿಸಿ ಬೇಡಬೇಕಾಗಿಲ್ಲ. ನೆಂಟರು ಬಂದಾಗ ಆ ಮಗುವನ್ನು ಒಳಮನೆಗೆ ಕಳುಹಿಸುವ ಪದ್ಧತಿಯನ್ನು ಮಾತ್ರ ಯಾವ ಶಾಸನವೂ ತಪ್ಪಿಸಲಾರದು; ಅದು ಮನೆಯ ಹಿರಿಯರ ಕೈಯಲ್ಲಿದೆ.

ಗದಗಿಗೆ ಹೋದವರು ವೀರನಾರಾಯಣನನ್ನೂ ತ್ರಿಕೂಟೇಶ್ವರನನ್ನೂ ದರ್ಶಿಸಿ ಹಿಂದಿರುಗುವುದುಂಟು. ಅವರು ಪುಣ್ಯಾಶ್ರಮಕ್ಕೂ ಹೋಗಿ, ಕೈಲಾದುದನ್ನು ಕೊಟ್ಟು, ಮಕ್ಕಳ ಅಭ್ಯಾಸವನ್ನು ಸ್ವಲ್ಪ ಹೊತ್ತು ಕುಳಿತು ಕೇಳಬಹುದು. ಕನಿಕರದಿಂದಲ್ಲ, ಅಪಸ್ವರವಾದರೆ ಅಪಸ್ವರವೆಂದು ತಿಳಿಯುವಷ್ಟು ಗಮನದಿಂದ.